ಗ್ರೂಪಲ್ಲಿ ಯಾರು ಯಾಕೆ ಇದಾರೆ ಅಂತ ತಿಳ್ಕೊಳ್ಳೋದು ಹೆಂಗೆ

ನಾನು ದಾವಣಗೆರೇಲಿ ಎರಡು ವಾಟ್ಸಾಪ್ ಗ್ರೂಪ್ ನೋಡ್ಕೊಳ್ತೀನಿ. ಒಂದು ನಮ್ಮ ಬಡಾವಣೇದು, ನೀರು ಯಾವಾಗ ಬಿಡ್ತಾರೆ ಕರೆಂಟ್ ಯಾಕೆ ಹೋಯ್ತು ಅಂತ ಕೇಳೋಕೆ ಅಂತಲೇ ಮಾಡಿದ್ದು, ಇನ್ನೊಂದು ನನ್ನ ಖಡಕ್ ರೊಟ್ಟಿ ಚಟ್ನಿಪುಡಿ ವ್ಯಾಪಾರದ್ದು, ಅದರ ಜೊತೆಗೆ ಒಂದು ಫೇಸ್‌ಬುಕ್ ಪೇಜು, ಒಂದು ಇನ್‌ಸ್ಟಾಗ್ರಾಂ ಅಕೌಂಟು. ಏಳೆಂಟು ವರ್ಷ ಆಯ್ತು ಇದನ್ನೆಲ್ಲ ಶುರು ಮಾಡಿ. ಈಗೀಗ ಮಹಿಳಾ ಸಂಘದೋರು, ಹೊಸದಾಗಿ ಮನೇಲೇ ಏನಾದ್ರೂ ಮಾಡಿ ಮಾರೋರು ಫೋನ್ ಮಾಡಿ ಕೇಳ್ತಾರೆ, ಅಕ್ಕಾ ಗ್ರೂಪ್ ಮಾಡಿದೀವಿ, ಜನಾನೂ ಸೇರಿದಾರೆ, ಆದ್ರೆ ಮುಕ್ಕಾಲು ಜನ ಮಾತೇ ಆಡಲ್ಲ, ಉಳಿದೋರು ಬೇಡದ್ದೆಲ್ಲ ಹಾಕ್ತಾರೆ, ಏನ್ ಮಾಡೋದು ಅಂತ. ಒಬ್ಬೊಬ್ರಿಗೂ ಫೋನಲ್ಲಿ ಹೇಳೋಕಾಗಲ್ಲ, ಅದಕ್ಕೆ ಒಂದ್ಸಲ ಕೂತು ಎಲ್ಲಾ ಬರ್ದಿದೀನಿ.

ಮೊದ್ಲು ನಾನು ಮಾಡಿದ ತಪ್ಪು ಹೇಳ್ಬಿಡ್ತೀನಿ, ಯಾಕಂದ್ರೆ ನಾನು ಕಲ್ತಿದ್ದೆಲ್ಲ ಅಲ್ಲಿಂದಲೇ. ನಮ್ಮ ಮೂರನೇ ಕ್ರಾಸಲ್ಲಿ ಒಬ್ರು ಆಂಟಿ ಇದಾರೆ, ಎಪ್ಪತ್ತರ ಹತ್ರ ವಯಸ್ಸು, ಯಜಮಾನ್ರು ಕಾಟನ್ ಮಿಲ್ಲಲ್ಲಿ ಕೆಲಸಕ್ಕಿದ್ರು, ತೀರ್ಕೊಂಡು ಬಹಳ ವರ್ಷ ಆಯ್ತು, ಮಗ ಪುಣೆಲಿ. ದಿನಾ ಬೆಳಗ್ಗೆ ಐದೂವರೆಗೆ ಗ್ರೂಪಿಗೆ ಒಂದು ಹೂವಿನ ಫೋಟೋ ಹಾಕೋರು, ಅದರ ಮೇಲೆ ಶುಭೋದಯ ಅಂತ, ಸೋಮವಾರ ಆದ್ರೆ ಶಿವ, ಗುರುವಾರ ಆದ್ರೆ ರಾಯರು. ಅವ್ರು ಹಾಕಿದ್ದು ನೋಡಿ ಇನ್ನೂ ಹತ್ತು ಜನ ಹಾಕೋರು. ನೀರು ಬಿಡೋ ಮೆಸೇಜು ಆ ಹೂಗಳ ಮಧ್ಯೆ ಕಳ್ದೋಗೋದು. ಒಂದಿನ ಸಿಟ್ಟು ಬಂದು, ಇನ್ಮುಂದೆ ಯಾರೂ ಗುಡ್ ಮಾರ್ನಿಂಗ್ ಹಾಕಂಗಿಲ್ಲ, ಹಾಕಿದ್ರೆ ತೆಗೀತೀನಿ ಅಂತ ಬರ್ದೆ. ಇಪ್ಪತ್ತು ಜನ ಹೆಬ್ಬೆಟ್ಟು ಒತ್ತಿದ್ರು. ಮಧ್ಯಾಹ್ನ ನೋಡಿದ್ರೆ ಆಂಟಿ ಗ್ರೂಪ್ ಬಿಟ್ಟಿದ್ರು, ನಾನು ಅದನ್ನ ಅಷ್ಟು ತಲೆಗೆ ಹಚ್ಕೊಳ್ಲಿಲ್ಲ. ಹತ್ತು ದಿನ ಆದ್ಮೇಲೆ ಸಂಜೆ ಗೇಟಿನ ಹತ್ರ ಪ್ಲಾಸ್ಟಿಕ್ ಕೊಡ ಹಿಡ್ಕೊಂಡು ನಿಂತಿದಾರೆ, ನೀರು ಬಿಟ್ಟಿದ್ದು ಗೊತ್ತಾಗ್ಲಿಲ್ಲಮ್ಮ, ಸಂಪು ತಳ ಕಂಡಿದೆ, ಒಂದು ಕೊಡ ಕೊಡ್ತೀಯಾ ಅಂದ್ರು. ನಲ್ಲಿ ಬಿಟ್ಟು ಕೊಡ ತುಂಬೋವರೆಗೂ ಇಬ್ರೂ ಸುಮ್ನೆ ನಿಂತಿದ್ವಿ. ಆಮೇಲೆ ಅವ್ರೇ ಹೇಳಿದ್ರು, ನಾನು ಹೂ ಹಾಕಿದ್ರೆ ನಾಲ್ಕು ಜನ ನಮಸ್ತೆ ಆಂಟಿ ಅಂತಿದ್ರು ಕಣಮ್ಮ, ಬೆಳಗ್ಗೆ ಎದ್ದು ಯಾರ ಜೊತೆಗಾದ್ರೂ ಮಾತಾಡಿದಂಗೆ ಆಗ್ತಿತ್ತು ಅಂತ.

ಅವತ್ತಿಂದ ನಾನು ಜನನ್ನ ನೋಡೋ ರೀತಿನೇ ಬದಲಾಯ್ತು. ಇವ್ರು ಎಂಥ ಜನ ಅಂತ ಕೇಳೋದು ಬಿಟ್ಟೆ, ಇವ್ರಿಗೆ ಇಲ್ಲಿ ಏನು ಸಿಗ್ತಿದೆ ಅಂತ ಕೇಳೋಕೆ ಶುರು ಮಾಡ್ದೆ. ಆಮೇಲೆ ಗೊತ್ತಾಯ್ತು, ಈ ಪ್ರಶ್ನೆನ ಓದಿದೋರು ಬಹಳ ಹಿಂದೆನೇ ಕೇಳಿದಾರೆ ಅಂತ. ರೇಡಿಯೋ ಟೀವಿ ಕಾಲದಲ್ಲೇ ಎಲಿಹು ಕಾಟ್ಜ್ ಅನ್ನೋ ಸಮಾಜಶಾಸ್ತ್ರದ ಪ್ರೊಫೆಸರು, ಮಾಧ್ಯಮ ಜನಕ್ಕೆ ಏನ್ ಮಾಡುತ್ತೆ ಅನ್ನೋದಕ್ಕಿಂತ ಜನ ಮಾಧ್ಯಮನ ಇಟ್ಕೊಂಡು ಏನ್ ಮಾಡ್ತಾರೆ ಅಂತ ನೋಡಿ ಅಂದಿದ್ರು. ಸುದ್ದಿ ಬೇಕು, ಮನರಂಜನೆ ಬೇಕು, ಜೊತೆ ಬೇಕು, ನಾನು ಯಾರು ಅಂತ ನಾಲ್ಕು ಜನಕ್ಕೆ ತೋರಿಸ್ಬೇಕು, ಹೆಚ್ಚು ಕಮ್ಮಿ ಇಷ್ಟೇ ಕಾರಣ. ವಾಟ್ಸಾಪ್ ಬಂದಿದ್ದು 2009ರಲ್ಲಿ, ಜಿಯೋ ಬಂದು ಡೇಟಾ ಅಗ್ಗ ಆಗಿದ್ದು 2016ರಲ್ಲಿ, ಆಮೇಲೇ ನಮ್ಮ ಆಂಟಿ ಥರದೋರ ಕೈಗೆ ಫೋನ್ ಬಂದಿದ್ದು, ಆದ್ರೆ ಅವ್ರಿಗೆ ಬೇಕಾಗಿರೋದು ಹಿಂದೆ ಕಟ್ಟೆ ಮೇಲೆ ಕೂತಾಗ ಸಿಗ್ತಿದ್ದದ್ದೇ.

ಸರಿ, ಈಗ ಕೆಲಸಕ್ಕೆ ಬರೋಣ. ಮೊದ್ಲು ಒಂದು ವಾರ ಏನೂ ಮಾಡ್ಬೇಡಿ. ಹೊಸ ರೂಲ್ಸ್ ಹಾಕ್ಬೇಡಿ, ಯಾರನ್ನೂ ತೆಗೀಬೇಡಿ. ಮಕ್ಕಳ ಹಳೇ ನೋಟ್‌ಬುಕ್ ಒಂದು ತಗೊಂಡು ರಾತ್ರಿ ಊಟ ಆದ್ಮೇಲೆ ಅವತ್ತಿನ ಮೆಸೇಜನ್ನೆಲ್ಲ ಮೇಲಿಂದ ಕೆಳಗೆ ನೋಡ್ಕೊಂಡು ಬನ್ನಿ, ಮೂರೇ ವಿಷಯ ಬರ್ಕೊಳ್ಳಿ: ಯಾರು ಹಾಕಿದ್ರು, ಎಷ್ಟೊತ್ತಿಗೆ ಹಾಕಿದ್ರು, ಹಾಕಿದ್ಮೇಲೆ ಅವ್ರಿಗೆ ವಾಪಸ್ ಏನು ಬಂತು. ಮೂರನೇದೇ ಮುಖ್ಯ. ಒಬ್ರಿಗೆ ಥ್ಯಾಂಕ್ಸ್ ಬಂತು, ಒಬ್ರಿಗೆ ನಗು ಬಂತು, ಒಬ್ರಿಗೆ ಜಗಳ ಬಂತು, ಒಬ್ರಿಗೆ ಏನೂ ಬರ್ಲಿಲ್ಲ. ಜಗಳ ಬಂದೋನು ನಾಳೆ ಮತ್ತೆ ಅದನ್ನೇ ಹಾಕಿದ್ರೆ ಅವನಿಗೆ ಬೇಕಾಗಿದ್ದೂ ಜಗಳನೇ ಅಂತ ತಿಳ್ಕೊಳ್ಳಿ. ಏನೂ ಬರದೇ ಇದ್ರೂ ದಿನಾ ಹಾಕ್ತಾರೆ ಅಂದ್ರೆ ಅವ್ರಿಗೆ ಹಾಕೋದ್ರಲ್ಲೇ ಸಮಾಧಾನ ಇದೆ. ಟೈಮ್ ಕೂಡ ಬಹಳ ಹೇಳುತ್ತೆ ರೀ, ಹಗಲೆಲ್ಲ ಸುಮ್ನಿದ್ದು ರಾತ್ರಿ ಹನ್ನೊಂದರ ಮೇಲೆ ಉದ್ದುದ್ದ ಬರೆಯೋರಿಗೆ ಮನೇಲಿ ಮಾತಾಡೋರು ಕಮ್ಮಿ ಇರ್ತಾರೆ, ಇಲ್ಲಾ ಮನಸ್ಸಿಗೆ ಏನೋ ನೋವಾಗಿರುತ್ತೆ, ನನ್ನ ನೋಟ್‌ಬುಕ್ಕಲ್ಲಿ ಹಂಗೇ ಕಂಡಿದ್ದು.

ಜೊತೆಗೆ ಇನ್ನೊಂದು ಮಾಡಿ. ನೀವೇ ಗ್ರೂಪಿಗೆ ಹಾಕಿದ ಒಂದು ಮೆಸೇಜ್ ಒತ್ತಿ ಹಿಡೀರಿ, ಇನ್ಫೋ ಅಂತ ಬರುತ್ತೆ, ಅದನ್ನ ಮುಟ್ಟಿ. ಯಾರ್ಯಾರು ಓದಿದಾರೆ, ಯಾರಿಗೆ ಬರೀ ತಲುಪಿದೆ ಅಂತ ಬೇರೆ ಬೇರೆ ಪಟ್ಟಿ ತೋರಿಸುತ್ತೆ. ನೀಲಿ ಟಿಕ್ ಆಫ್ ಮಾಡ್ಕೊಂಡಿರೋರು ಕೂಡ ಗ್ರೂಪಿನ ಮೆಸೇಜ್ ಓದಿದ್ರೆ ಇಲ್ಲಿ ಕಾಣ್ತಾರೆ, ಯಾಕಂದ್ರೆ ಗ್ರೂಪಿಗೆ ಆ ಸೆಟ್ಟಿಂಗ್ ನಡೆಯಲ್ಲ. ನಾನು ಮೊದಲನೇ ಸಲ ಈ ಪಟ್ಟಿ ನೋಡಿದಾಗ ಕಣ್ಣಲ್ಲಿ ನೀರೇ ಬಂತು. ಮೂರು ವರ್ಷದಿಂದ ಒಂದಕ್ಷರ ಬರೀದೇ ಇದ್ದೋರ ಹೆಸರು ಸಾಲಾಗಿ ಕೆಳಗೆ ಹೋಗ್ತಾನೇ ಇತ್ತು, ಎಲ್ರೂ ಓದಿದಾರೆ, ಕೆಲವ್ರು ಹಾಕಿದ ಎರಡು ನಿಮಿಷದಲ್ಲೇ ಓದಿದಾರೆ.

ಸುಮ್ನೆ ಓದೋರೇ ಎಲ್ಲಾ ಕಡೆ ಜಾಸ್ತಿ. ಜನ ವೆಬ್‌ಸೈಟನ್ನ ಹೆಂಗೆ ಬಳಸ್ತಾರೆ ಅಂತ ಅಧ್ಯಯನ ಮಾಡೋ ಜೇಕಬ್ ನೀಲ್ಸನ್ ಅಂತ ಒಬ್ರು 2006ರಲ್ಲೇ ಒಂದು ಅಂದಾಜು ಲೆಕ್ಕ ಬರ್ದಿದ್ರು, ಆನ್‌ಲೈನಲ್ಲಿ ಜನ ಸೇರಿದ ಕಡೆ 100ಕ್ಕೆ 90 ಜನ ಬರೀ ನೋಡೋರು, 9 ಜನ ಯಾವಾಗಾದ್ರೂ ಮಾತಾಡೋರು, 1 ಜನ ಮಾತ್ರ ಯಾವಾಗ್ಲೂ ಮಾತಾಡೋರು ಅಂತ. ಅದು ಕಟ್ಟುನಿಟ್ಟಾದ ಲೆಕ್ಕ ಅಲ್ಲ, ಆದ್ರೆ ನಮ್ಮ 300 ಜನದ ಗ್ರೂಪಿಗೆ ಹಾಕಿ ನೋಡಿ, 270, 27, 3 ಆಗುತ್ತೆ. ನಾನು ಬರ್ಕೊಂಡ ವಾರ ದಿನಾ ಮಾತಾಡಿದ್ದು ನಾಲ್ಕು ಜನ, ಆಗಾಗ ಮಾತಾಡಿದ್ದು ಮೂವತ್ತರ ಹತ್ರ. ನೋಡಿ ಎಷ್ಟು ಹತ್ರ ಇದೆ. ಅಂದ್ರೆ ನಾವು ಗ್ರೂಪ್ ಅಂತ ಅಂದ್ಕೊಂಡಿರೋದು ಆ ನಾಲ್ಕು ಜನದ ಮಾತು, ನಿಜವಾದ ಗ್ರೂಪು ಹಿಂದೆ ಕೂತಿದೆ.

ಇವ್ರು ಯಾಕೆ ಮಾತಾಡಲ್ಲ ಅಂತ ನಾನು ಒಬ್ಬೊಬ್ರನ್ನೇ ಸಿಕ್ಕಾಗ ಕೇಳ್ತಾ ಬಂದೆ. ಒಬ್ರಿಗೆ ಕನ್ನಡ ಟೈಪ್ ಮಾಡೋಕೆ ಬರಲ್ಲ, ತಪ್ಪು ಬರೆದ್ರೆ ನಗ್ತಾರೆ ಅನ್ನೋ ಅಂಜಿಕೆ. ಒಬ್ರ ಫೋನು ಹಗಲೆಲ್ಲ ಮಗನ ಕೈಲಿ ಇರುತ್ತೆ. ಸೊಸೆಯಂದಿರ ಕಷ್ಟ ಬೇರೆ, ಒಬ್ಳು ಹುಡುಗಿ ನಂಗೆ ಪರ್ಸನಲ್ ಆಗಿ ಮೆಸೇಜ್ ಮಾಡಿ, ಅಕ್ಕಾ ಗ್ರೂಪಲ್ಲಿ ನಮ್ಮತ್ತೆ ಇದಾರೆ, ಮಾವನೂ ಇದಾರೆ, ಅಲ್ಲಿ ರೊಟ್ಟಿ ಬೇಕು ಅಂತ ಕೇಳಿದ್ರೆ ಮನೇಲಿ ಮಾಡೋಕಾಗಲ್ವಾ ಅಂತಾರೆ, ಅದಕ್ಕೆ ಇಲ್ಲಿ ಕೇಳ್ತಿದೀನಿ ಅಂದ್ಲು. ಇನ್ನು ಎಷ್ಟೋ ಜನಕ್ಕೆ ಕಾರಣನೇ ಇಲ್ಲ, ನೀರು ಬಿಡೋ ಟೈಮ್ ಬೇಕಿತ್ತು, ಸಿಕ್ತು, ಫೋನ್ ಇಟ್ರು.

ಹಂಗಾಗಿ ಸುಮ್ನಿರೋರಿಗೆ ಹೀಗೆ ಮಾಡಿ. ಬರೀ ಓದಿ ಸುಮ್ನಿರೋರು ಗ್ರೂಪ್ ಬಿಟ್ಟು ಹೋಗಿ ಅಂತ ಯಾವತ್ತೂ ಹಾಕ್ಬೇಡಿ, ದಯವಿಟ್ಟು. ಕೇಳೋದು ಹೇಳೋದು ಇದ್ರೆ ನಂಗೆ ಪರ್ಸನಲ್ ಆಗಿ ಕೇಳಬಹುದು, ವಾಯ್ಸ್ ಕಳಿಸಿದ್ರೂ ಆಯ್ತು ಅಂತ ತಿಂಗಳಿಗೊಂದ್ಸಲ ಹಾಕಿ. ಅಭಿಪ್ರಾಯ ಬೇಕು ಅಂದ್ರೆ ಪೋಲ್ ಹಾಕಿ, ಬರೆಯೋ ಕಷ್ಟ ಇಲ್ಲ, ಒತ್ತಿದ್ರೆ ಮುಗೀತು, ಆದ್ರೆ ವಾಟ್ಸಾಪ್ ಪೋಲಲ್ಲಿ ಯಾರು ಯಾವುದಕ್ಕೆ ಒತ್ತಿದ್ರು ಅಂತ ಎಲ್ರಿಗೂ ಕಾಣುತ್ತೆ, ಅದಕ್ಕೆ ಅಕ್ಕಪಕ್ಕದೋರ ಮಧ್ಯೆ ಮುನಿಸು ತರೋ ವಿಷಯಕ್ಕೆ ಪೋಲ್ ಬೇಡ. ಲೈಕ್ ಎಷ್ಟು ಬಂತು ಅಂತ ನೋಡಿ ನಿಮ್ಮ ಕೆಲಸಕ್ಕೆ ಬೆಲೆ ಕಟ್ಕೊಬೇಡಿ. ಒಂದು ಸಲ ಮಂಡಿಪೇಟೆಗೆ ಶೇಂಗಾ ತರೋಕೆ ಹೋಗಿದ್ದೆ, ತಕ್ಕಡಿ ಹತ್ರ ನಿಂತಿದ್ದ ಒಬ್ರು ಹಿರಿಯರು, ನೀವು ರೊಟ್ಟಿ ಅಕ್ಕ ಅಲ್ವಾ, ನಿಮ್ದೆಲ್ಲಾ ನೋಡ್ತೀನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಯಾಕೆ ಈಗ ಹಾಕ್ತಿಲ್ಲ ಅಂತ ಕೇಳಿದ್ರು. ಅವ್ರು ನನ್ನ ಪೇಜಿಗೆ ಒಂದು ಲೈಕ್ ಕೂಡ ಒತ್ತಿದೋರಲ್ಲ. ಸಜ್ಜೆ ರೊಟ್ಟಿ ಸಂಕ್ರಾಂತಿಗೆ ಮಾತ್ರ ಮಾಡೋದು ಸಾರ್ ಅಂದೆ, ಹಂಗಾದ್ರೆ ಸಂಕ್ರಾಂತಿಗೆ ಮಗಳ ಮನೆಗೆ ಇನ್ನೂರು ಕಳಿಸ್ಬೇಕು ಅಂತ ಅಲ್ಲೇ ಹೇಳಿದ್ರು.

ಶುಭೋದಯ ಹಾಕೋರಿಗೆ ಬೇಕಾಗಿರೋದು ಜೊತೆ, ನಾನಿದೀನಿ ಅಂತ ಹೇಳೋಕೆ ಒಂದು ಜಾಗ. ನಿಲ್ಲಿಸಿದ್ರೆ ಆ ಜಾಗ ಹೋಗುತ್ತೆ, ಬಿಟ್ರೆ ಕೆಲಸದ ಮೆಸೇಜ್ ಮುಚ್ಚೋಗುತ್ತೆ. ನಾನು ಕಂಡುಕೊಂಡ ದಾರಿ ಅಂದ್ರೆ ಅವ್ರಿಗೆ ಒಂದು ಕೆಲಸ ಕೊಡೋದು. ಕೊಡ ಹಿಡ್ಕೊಂಡು ಬಂದ ಮಾರನೇ ದಿನ ಆಂಟಿ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಮತ್ತೆ ಸೇರಿಸ್ಕೊಂಡು, ಆಂಟಿ ನೀವು ಹೆಂಗೂ ಐದಕ್ಕೆ ಏಳ್ತೀರಾ, ವಾಲ್‌ಮ್ಯಾನ್ ಬಂದನಾ ಇಲ್ವಾ ಅಂತ ನೀವೇ ನೋಡಿ ನೀವೇ ಹಾಕ್ಬಿಡಿ ಅಂದೆ. ಈಗ ದಿನಾ ಒಂದೇ ಫೋಟೋ ಬರುತ್ತೆ, ಹೂವಿನ ಮೇಲೇ ಬರೆದಿರ್ತಾರೆ, ಇವತ್ತು ಎರಡು ಮೂರನೇ ಕ್ರಾಸಿಗೆ ನೀರು ಅಂತ. ಉಳಿದೋರೆಲ್ಲ ಅದರ ಕೆಳಗೆ ನಮಸ್ತೆ ಆಂಟಿ ಅಂತಾರೆ. ಬೇರೆ ಹೂ ಹಾಕೋದು ತಾನಾಗೇ ಕಮ್ಮಿ ಆಯ್ತು. ದೊಡ್ಡ ಗ್ರೂಪ್ ಆದ್ರೆ ಬರೀ ಹಾರೈಕೆಗೆ ಅಂತ ಇನ್ನೊಂದು ಗ್ರೂಪ್ ಮಾಡಿ ಕೊಡಿ, ಆದ್ರೆ ಅಲ್ಲಿಗೆ ನೀವೂ ದಿನಕ್ಕೊಂದ್ಸಲ ಹೋಗಿ ಮಾತಾಡ್ಸಿ, ಇಲ್ಲಾಂದ್ರೆ ಹೊರಗೆ ಹಾಕಿದಂಗೇ ಅನ್ಸುತ್ತೆ ಅವ್ರಿಗೆ.

ಕೇಳಿದ್ದಕ್ಕೆ ಉತ್ತರ ಹೇಳೋರು ಅಂತ ಇರ್ತಾರೆ, ಅವ್ರನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಬೇಕು. ನನ್ನ ತಮ್ಮ ಜಗಳೂರು ಕಡೆ ಮೆಕ್ಕೆಜೋಳ ಬೆಳೀತಾನೆ. 2018ರಲ್ಲಿ ನಮ್ಮ ಕಡೆ ಮೆಕ್ಕೆಜೋಳಕ್ಕೆ ಹೊಸಾ ಹುಳ ಬಿತ್ತು ನೆನಪಿರಬಹುದು, ಫಾಲ್ ಸೈನಿಕ ಹುಳು, ಇಡೀ ದೇಶದಲ್ಲಿ ಮೊದಲು ಕಂಡಿದ್ದೇ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಸುಳಿ ಒಳಗೆ ಕೂತು ತಿಂದು ಮರದ ಪುಡಿ ಥರ ಹಿಕ್ಕೆ ಹಾಕಿರ್ತಿತ್ತು, ಯಾವ ಹುಳ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ತಮ್ಮ ರೈತರ ಗ್ರೂಪಿಗೆ ಫೋಟೋ ಹಾಕ್ದ. ಶಿವಮೊಗ್ಗ ಕಡೆಯೋರು ಒಬ್ರು, ಮುಖ ನೋಡಿಲ್ಲ ಪರಿಚಯ ಇಲ್ಲ, ಹುಳನ ಅಂಗೈ ಮೇಲೆ ಇಟ್ಕೊಂಡು ತಲೆ ನೋಡು ತಮ್ಮಾ, ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಬರೆದಂಗೆ ಇದ್ಯಾ, ಬಾಲದ ಹತ್ರ ನಾಲ್ಕು ಕಪ್ಪು ಚುಕ್ಕಿ ಚೌಕಾಕಾರವಾಗಿ ಇದಾವಾ, ಇದ್ರೆ ಅದೇ, ಕೃಷಿ ಇಲಾಖೆಯೋರಿಗೆ ತೋರಿಸಿ ಅವ್ರು ಹೇಳಿದ ಔಷಧಿನ ಸುಳಿಯೊಳಗೇ ಬೀಳೋ ಹಂಗೆ ಬೆಳಗ್ಗೆ ಇಲ್ಲಾ ಸಂಜೆ ಹೊಡಿ ಅಂತ ವಾಯ್ಸ್ ಕಳಿಸಿದ್ರು. ನೋಡಿದ್ರೆ ಹೇಳಿದಂಗೇ ಇತ್ತು. ಹದಿನೈದು ದಿನ ಆದ್ಮೇಲೆ ತಮ್ಮ ಹೊಸಾ ಎಲೆ ಬಂದಿರೋ ಹೊಲದ ಫೋಟೋ ಹಾಕಿ ಅಣ್ಣಾ ಉಳೀತು ಅಂದ. ಅದಕ್ಕೆ ಆ ಮನುಷ್ಯ ಬರ್ದಿದ್ದು, ನಂದು ಗೊತ್ತಾಗೋಷ್ಟರಲ್ಲಿ ಅರ್ಧ ಹೊಲ ಹೋಗಿತ್ತು ತಮ್ಮಾ, ನಿಂದಾದ್ರೂ ಉಳೀತಲ್ಲ ಬಿಡು ಅಂತ. ಆ ಮೆಸೇಜನ್ನ ತಮ್ಮ ಇವತ್ತಿಗೂ ಅಳ್ಸಿಲ್ಲ.

ಉತ್ತರ ಹೇಳೋರಿಗೆ ಹೆಸರು ಬೇಕು, ದೊಡ್ಡವ್ರಾಗ್ಬೇಕು ಅಂತ ನಾವು ಅಂದ್ಕೋತೀವಿ, ಸ್ವಲ್ಪ ಅದೂ ಇರುತ್ತೆ, ತಪ್ಪೇನಿಲ್ಲ. ಆದ್ರೆ ಬಹಳ ಜನಕ್ಕೆ ಬೇಕಾಗಿರೋದು ತಾವು ಹೇಳಿದ್ದು ಉಪಯೋಗಕ್ಕೆ ಬಂತಾ ಅಂತ ಗೊತ್ತಾಗೋದು. ಅದಕ್ಕೆ ಬರೀ ಕೈಮುಗಿಯೋ ಚಿತ್ರ ಒತ್ತಿ ಸುಮ್ನಾಗ್ಬೇಡಿ, ನೀವು ಹೇಳಿದಂಗೆ ಮಾಡ್ದೆ, ಹಿಂಗಾಯ್ತು ಅಂತ ವಾಪಸ್ ಬಂದು ಹೇಳಿ, ಸರಿ ಹೋಗದೇ ಇದ್ರೂ ಹೇಳಿ. ಗ್ರೂಪಲ್ಲಿ ಇದನ್ನ ಅಭ್ಯಾಸ ಮಾಡ್ಸಿದ್ರೆ ಉತ್ತರ ಹೇಳೋರು ಉಳೀತಾರೆ, ಇಲ್ಲಾಂದ್ರೆ ಒಂದು ವರ್ಷ ಹೇಳಿ ಹೇಳಿ ಸಾಕಾಗಿ ಸುಮ್ನಾಗ್ತಾರೆ.

ಈಗ ಫಾರ್ವರ್ಡ್ ಮಾಡೋರು. ಇದು ಸ್ವಲ್ಪ ಉದ್ದ ಹೇಳ್ಬೇಕು ಯಾಕಂದ್ರೆ ಇದ್ರಲ್ಲಿ ಜನರ ಪ್ರಾಣ ಹೋಗಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದಾರೆ ಅಂತ ವಾಟ್ಸಾಪಲ್ಲಿ ಹರಡಿ, ಬೆಂಗಳೂರಲ್ಲಿ ಒಬ್ಬ ಹುಡುಗನ್ನ, ಆಮೇಲೆ ಬೀದರ್ ಜಿಲ್ಲೇಲಿ ಮಕ್ಕಳಿಗೆ ಚಾಕ್ಲೇಟ್ ಕೊಟ್ಟ ಅಂತ ಹೈದರಾಬಾದಿನ ಒಬ್ಬ ಇಂಜಿನಿಯರನ್ನ ಜನ ಹೊಡೆದು ಸಾಯಿಸಿದ್ರು. ಆ ವರ್ಷನೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ 5 ಚಾಟಿಗಿಂತ ಜಾಸ್ತಿ ಫಾರ್ವರ್ಡ್ ಮಾಡೋಕಾಗದಂಗೆ ಮಾಡ್ತು, 2020ರಲ್ಲಿ ಬಹಳ ಕೈ ದಾಟಿ ಬಂದ ಮೆಸೇಜನ್ನ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು ಅಂತ ಮಾಡ್ತು. ಮೆಸೇಜ್ ಮೇಲೆ ಜೋಡಿ ಬಾಣದ ಗುರುತು ಇದ್ರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಅಂತ ಅರ್ಥ. ಈ ಗುರುತು ನಿಮ್ಮ ಮನೇಲಿ ಎಲ್ರಿಗೂ ತೋರಿಸಿ.

ಆ ಫಾರ್ವರ್ಡ್ ಕಳಿಸಿದೋರೆಲ್ಲ ಕೆಟ್ಟೋರಾ? ಅಲ್ಲ. ನನ್ನ ಗ್ರೂಪಲ್ಲಿ ಇಂಥದ್ದು ಜಾಸ್ತಿ ಹಾಕೋರು ಒಬ್ರು ರಿಟೈರ್ಡ್ ಮೇಷ್ಟ್ರು, ಯಾರಿಗೂ ಒಂದು ಕೆಟ್ಟ ಮಾತು ಆಡಿದೋರಲ್ಲ. ಅವ್ರಿಗೆ ಎಲ್ರನ್ನೂ ಎಚ್ಚರಿಸ್ಬೇಕು ಅನ್ನೋ ಕಾಳಜಿ, ಜೀವನ ಪೂರ್ತಿ ಅದನ್ನೇ ಮಾಡಿದೋರು. ಭಯ, ಸಿಟ್ಟು, ಆಶ್ಚರ್ಯ ಹುಟ್ಟಿಸೋದನ್ನ ಜನ ಬೇಗ ಹಂಚ್ತಾರೆ. 2018ರಲ್ಲಿ ಸೈನ್ಸ್ ಪತ್ರಿಕೇಲಿ ಒಂದು ಅಧ್ಯಯನ ಬಂತು, ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಓಡಾಡಿದ ಲಕ್ಷಕ್ಕೂ ಹೆಚ್ಚು ಸುದ್ದಿ ಇಟ್ಕೊಂಡು ನೋಡಿದ್ರು, ಸುಳ್ಳು ಸುದ್ದಿ ನಿಜಕ್ಕಿಂತ ಮುಂದಕ್ಕೆ ಹಂಚಲ್ಪಡೋ ಸಾಧ್ಯತೆ ಶೇಕಡಾ 70ರಷ್ಟು ಜಾಸ್ತಿ, ಅದನ್ನ ಹರಡಿದ್ದು ಮುಖ್ಯವಾಗಿ ಯಂತ್ರದ ಅಕೌಂಟುಗಳಲ್ಲ, ಮನುಷ್ಯರೇ ಅಂತ. ಸುಳ್ಳಿನಲ್ಲಿ ಹೊಸತನ ಜಾಸ್ತಿ ಇರುತ್ತೆ, ಹೊಸಾ ವಿಷಯ ನಾನೇ ಮೊದಲು ಹೇಳ್ದೆ ಅನ್ನೋ ಖುಷಿ ಯಾರಿಗಿಲ್ಲ ಹೇಳಿ.

ಮೇಷ್ಟ್ರಿಗೆ ಗ್ರೂಪಲ್ಲಿ ಎಲ್ರ ಮುಂದೆ ಇದು ಸುಳ್ಳು ಸಾರ್ ಅಂದ್ರೆ ಅವಮಾನ ಆಗುತ್ತೆ, ಆಮೇಲೆ ಅವ್ರು ಸುಳ್ಳನ್ನೇ ಹಿಡ್ಕೊಂಡು ವಾದ ಮಾಡೋಕೆ ಶುರು ಮಾಡ್ತಾರೆ. ಫೋನ್ ಮಾಡಿ. ಸಾರ್ ನೀವು ಹಾಕಿದ್ದು ನೋಡಿದೆ, ನಂಗೂ ಭಯ ಆಯ್ತು, ಇದು ಯಾವ ತಾರೀಖಿಂದು, ಯಾರು ಹೇಳಿದ್ದು ಅಂತ ಸ್ವಲ್ಪ ನೋಡ್ತೀರಾ ಅಂತ ಕೇಳಿ. ನಮ್ಮಲ್ಲಿ ನಾಳೆಯಿಂದ ನಾಲ್ಕು ದಿನ ನೀರಿಲ್ಲ ಅಂತ ಒಂದು ಮೆಸೇಜ್ ವರ್ಷಕ್ಕೆ ಮೂರು ಸಲ ಬರುತ್ತೆ, ಒಂದೇ ಮೆಸೇಜು, ಅದ್ರಲ್ಲಿ ತಾರೀಖೇ ಇಲ್ಲ, ಅದಕ್ಕೇ ಅದು ಸಾಯಲ್ಲ. ಮೇಷ್ಟ್ರೇ ಅದನ್ನ ಕಂಡು ಹಿಡಿದಿದ್ದು. ಈಗ ನಮ್ಮ ಗ್ರೂಪಲ್ಲಿ ತಾರೀಖು, ಊರು, ಹೇಳಿದೋರು ಯಾರು, ಈ ಮೂರಿಲ್ಲದ ಮೆಸೇಜ್ ಬಂದ್ರೆ ಮೊದ್ಲು ಮೇಷ್ಟ್ರ ಹತ್ರ ಹೋಗುತ್ತೆ, ಅವ್ರು ನೋಡಿ ಹೇಳಿದ್ಮೇಲೆ ಉಳಿಯೋದು ಇಲ್ಲಾ ಅಳ್ಸೋದು. ಎಚ್ಚರಿಸೋ ಆಸೆ ಇರೋರಿಗೆ ಪರೀಕ್ಷೆ ಮಾಡೋ ಕೆಲಸ ಕೊಟ್ರೆ ಅಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲ್ಲ, ಇದನ್ನ ನಾನು ನೋಡಿ ಹೇಳ್ತಿದೀನಿ. ಆದ್ರೆ ಹೊಡಿರಿ ಬಡಿರಿ ಅನ್ನೋ ಮೆಸೇಜಿಗೆ, ಜಾತಿ ಧರ್ಮದ ಮೇಲೆ ಎತ್ತಿಕಟ್ಟೋದಕ್ಕೆ ಈ ಸಮಾಧಾನ ಎಲ್ಲ ಬೇಡ, ಅಡ್ಮಿನ್ ಆದೋರು ಆ ಕ್ಷಣನೇ ಎಲ್ರ ಫೋನಿಂದಲೂ ಅಳಿಸಿ, ಆ ಅಧಿಕಾರ ವಾಟ್ಸಾಪ್ ಕೊಟ್ಟಿದೆ. ಕಾರಣ ಆಮೇಲೆ ಹೇಳಿದ್ರಾಯ್ತು.

ರೀಲ್ಸ್ ಮಾಡೋ ಹುಡುಗ್ರ ಮೇಲೆ ದೊಡ್ಡೋರಿಗೆ ಸಿಟ್ಟು ಜಾಸ್ತಿ. ಟಿಕ್‌ಟಾಕ್ 2020ರ ಜೂನ್ ಕೊನೇಲಿ ನಿಂತೋಯ್ತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಹುಡುಗ್ರೆಲ್ಲ ಅಲ್ಲಿಗೆ ಹೋದ್ರು. ಗಾಜಿನ ಮನೆಗೆ ಸಂಜೆ ಹೋಗಿ ನೋಡಿ, ಚಿತ್ರದುರ್ಗದ ಕೋಟೆಗೆ ಭಾನುವಾರ ಹೋಗಿ ನೋಡಿ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ, 1933 ಆದ್ಮೇಲೆ ಅದೇ ಮೊದಲು, ನಮ್ಮ ಕಡೆಯೋರ ಸ್ಟೇಟಸ್ ಪೂರ್ತಿ ಅದೇ ನೀರು, ಹುಡುಗ್ರಷ್ಟೇ ಅಲ್ಲ ಅಜ್ಜಂದಿರೂ ನಿಂತು ವಿಡಿಯೋ ಮಾಡಿಸ್ಕೊಂಡ್ರು, ಅಜ್ಜಂದಿರ ಆಸೆನೂ ಹುಡುಗ್ರ ಆಸೆನೂ ಒಂದೇ, ನಾನು ಇಲ್ಲಿದ್ದೆ ಅಂತ ತೋರಿಸೋದು. ಹುಡುಗ್ರಿಗೆ ಅದರ ಜೊತೆ ಇನ್ನೊಂದು ಸೇರ್ಕೊಳ್ಳುತ್ತೆ. ಒಂದು ರೀಲಿಗೆ ನೂರು ಜನ, ಇನ್ನೊಂದಕ್ಕೆ ಇದ್ದಕ್ಕಿದ್ದಂಗೆ ಹತ್ತು ಸಾವಿರ ಜನ, ಯಾವಾಗ ಬರುತ್ತೆ ಅಂತ ಗೊತ್ತಿಲ್ಲ. ಸ್ಕಿನ್ನರ್ ಅನ್ನೋ ವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ, ಕುಕ್ಕಿದಾಗೆಲ್ಲ ಕಾಳು ಸಿಗೋದಕ್ಕಿಂತ ಯಾವಾಗಲೋ ಒಂದ್ಸಲ ಸಿಕ್ಕಿದ್ರೆ ಅವು ಬಿಡದಂಗೆ ಕುಕ್ತಾವೆ ಅಂತ. ನನ್ನ ಅಕ್ಕನ ಮಗಳಿಗೂ ಹಂಗೇ ಆಗಿತ್ತು, ಊಟದ ತಟ್ಟೆ ಮುಂದೆ ಕೂತು ಎಷ್ಟಾಯ್ತು ಎಷ್ಟಾಯ್ತು ಅಂತ ಫೋನ್ ನೋಡೋಳು. ಬೈದ್ರೆ ಬಾಗ್ಲು ಹಾಕ್ಕೊಳ್ಳೋಳು. ಆಮೇಲೆ ನಾನು ಬಾರಮ್ಮ ನನ್ನ ರೊಟ್ಟಿ ಬಡಿಯೋದು ವಿಡಿಯೋ ಮಾಡ್ಕೊಡು ಅಂತ ಕರ್ಕೊಂಡು ಬಂದೆ. ಕಿಟಕಿ ಕಡೆಯಿಂದ ಬೆಳಕು ಬರೋ ಹಂಗೆ ಒಲೆ ಪಕ್ಕ ಕೂತು, ಹಿಟ್ಟು ಕೈಗೆ ಅಂಟೋದು, ಅಂಗೈ ಏಟಿಗೆ ರೊಟ್ಟಿ ದುಂಡಗೆ ತಿರುಗೋದು, ಹಂಚಿನ ಮೇಲೆ ಒದ್ದೆ ಬಟ್ಟೆ ಆಡ್ಸೋದು ಎಲ್ಲಾ ಹತ್ರದಿಂದ ತೆಗೆದ್ಲು, ಹಿಂದೆ ಯಾವ ಹಾಡೂ ಬೇಡ ಚಿಕ್ಕಮ್ಮ, ತಟ್ಟೋ ಸದ್ದೇ ಸಾಕು ಅಂದ್ಲು. ಆ ವಿಡಿಯೋ ನೋಡಿ ಬಂದ ಆರ್ಡರು ಇವತ್ತಿಗೂ ಬರ್ತಿದೆ. ಈಗ ಅವಳು ಎಷ್ಟು ಜನ ನೋಡಿದ್ರು ಅಂತ ಕೇಳೋದಕ್ಕಿಂತ ಬೆಳಕು ಸರಿ ಇತ್ತಾ ಅಂತ ಕೇಳೋದು ಜಾಸ್ತಿ. ಕೋಟೆ ಗೋಡೆ ಹತ್ತಿ, ಕೋಡಿ ನೀರಿಗೆ ಇಳಿದು ವಿಡಿಯೋ ಮಾಡೋರಿಗೆ ಮಾತ್ರ ಲೈಕ್ ಒತ್ತಬೇಡಿ, ನೀವು ಒತ್ತಿದ್ರೆ ಇನ್ನೊಂದು ಮೆಟ್ಲು ಮೇಲೆ ಹತ್ತುತ್ತಾರೆ.

ಜಗಳದ ವಿಷಯ. ಇಲ್ಲಿ ಎರಡು ಥರದೋರನ್ನ ಬೇರೆ ಮಾಡ್ಕೊಳ್ಳಿ ಸಾಕು. ದೂರು ಹೇಳೋರ ಮಾತಲ್ಲಿ ಒಂದು ವಸ್ತು ಇರುತ್ತೆ, ಹೋದ ವಾರ ತಂದ ಗುರೆಳ್ಳು ಪುಡಿ ಕಹಿ ಇತ್ತು ಅಂತ. ಅದಕ್ಕೆ ಎಲ್ರ ಮುಂದೆನೇ ಉತ್ತರ ಕೊಡಿ, ವಾಪಸ್ ತಗೊಳ್ಳಿ, ಅವ್ರಿಗೆ ಬೇಕಾಗಿರೋದು ನ್ಯಾಯ, ಸಿಕ್ಕ ತಕ್ಷಣ ಸುಮ್ನಾಗ್ತಾರೆ, ಎಷ್ಟೋ ಸಲ ಅವ್ರೇ ಒಳ್ಳೇ ಗಿರಾಕಿ ಆಗ್ತಾರೆ. ಕೆಣಕೋಕೇ ಬರೋರ ಮಾತಲ್ಲಿ ವಸ್ತು ಇರಲ್ಲ, ವ್ಯಕ್ತಿ ಇರ್ತಾರೆ, ನೀವು ಉತ್ತರ ಕೊಟ್ಟಷ್ಟೂ ವಿಷಯ ಬದಲಾಗ್ತಾ ಹೋಗುತ್ತೆ. ಕೆನಡಾದ ಮನಃಶಾಸ್ತ್ರದೋರು 2014ರಲ್ಲಿ ಮಾಡಿದ ಅಧ್ಯಯನದಲ್ಲಿ, ಬೇರೆಯೋರಿಗೆ ನೋವಾದ್ರೆ ಖುಷಿ ಪಡೋ ಸ್ವಭಾವಕ್ಕೂ ಹಿಂಗೆ ಕೆಣಕೋದಕ್ಕೂ ಗಟ್ಟಿ ನಂಟು ಕಂಡಿತ್ತು. ಅವ್ರಿಗೆ ಒಂದೇ ಒಂದು ಸಲ ಪರ್ಸನಲ್ ಆಗಿ ಹೇಳಿ, ಎರಡನೇ ಸಲಕ್ಕೆ ತೆಗೀರಿ. ನೀವು ನೊಂದ್ಕೊಂಡು ಉದ್ದ ಉತ್ತರ ಬರೆದ್ರೆ ಅದೇ ಅವ್ರಿಗೆ ಊಟ. ರಾತ್ರಿ ಜೋರಾದ್ರೆ ಅಡ್ಮಿನ್ ಮಾತ್ರ ಮೆಸೇಜ್ ಮಾಡೋ ಹಂಗೆ ಸೆಟ್ಟಿಂಗ್ ಬದಲಾಯಿಸಿ ಬೆಳಗ್ಗೆ ತೆಗೆದುಬಿಡಿ, ನಿದ್ದೆ ಆದ್ಮೇಲೆ ಅರ್ಧ ಜಗಳ ಇರಲ್ಲ. ಬೆಣ್ಣೆ ದೋಸೆ ಯಾವ ಹೋಟ್ಲಲ್ಲಿ ಚೆನ್ನಾಗಿರುತ್ತೆ, ಮಂಡಕ್ಕಿ ಮೆಣಸಿನಕಾಯಿ ಎಲ್ಲಿ ಒಳ್ಳೇದು ಅನ್ನೋ ಜಗಳ ಬಂದ್ರೆ ನಡೀಲಿ ಬಿಡಿ, ಅವತ್ತು ಸುಮ್ನಿರೋರು ಕೂಡ ಮಾತಾಡ್ತಾರೆ, ಬೆಂಗಳೂರು ಹೈದರಾಬಾದು ಸೇರ್ಕೊಂಡಿರೋ ನಮ್ಮೂರೋರು ಅದಕ್ಕೋಸ್ಕರನೇ ಗ್ರೂಪಲ್ಲಿ ಇದಾರೆ. ಅವ್ರಿಗೆ ಊರಿನ ಸುದ್ದಿಗಿಂತ ಊರು ಬೇಕು. ದುಗ್ಗಮ್ಮನ ಜಾತ್ರೆದು ನಾಲ್ಕು ಫೋಟೋ ಹಾಕಿ, ಕುಂದುವಾಡ ಕೆರೆ ತುಂಬಿದ್ರೆ ಒಂದು ಹಾಕಿ, ಅಷ್ಟೇ ಸಾಕು.

ಮೋಸ ಮಾಡೋಕೆ ಅಂತಲೇ ಸೇರ್ಕೊಳ್ಳೋರ ಬಗ್ಗೆ ಬೇಗ ಹೇಳ್ತೀನಿ. ಮದುವೆ ಕಾರ್ಡು ಅಂತ, ಬ್ಯಾಂಕಿನ ಅಪ್‌ಡೇಟ್ ಅಂತ ಒಂದು ಫೈಲ್ ಬರುತ್ತೆ, ಹೆಸರಿನ ಕೊನೇಲಿ ಎಪಿಕೆ ಅಂತ ಇರುತ್ತೆ, ಅದು ಫೋಟೋ ಅಲ್ಲ, ಫೋನೊಳಗೆ ಕೂರೋ ಆ್ಯಪು, ಮುಟ್ಟಬೇಡಿ. ಕೆಲವು ಸಲ ಗುರುತಿರೋರ ನಂಬರಿಂದಲೇ ಬರುತ್ತೆ ಯಾಕಂದ್ರೆ ಅವ್ರ ಫೋನು ಆಗ್ಲೇ ಹೋಗಿರುತ್ತೆ. ದುಡ್ಡು ಹೋದ್ರೆ ತಕ್ಷಣ 1930ಗೆ ಫೋನ್ ಮಾಡಿ, ನಾಚ್ಕೊಂಡು ಒಂದು ದಿನ ಕಳೆದ್ರೆ ವಾಪಸ್ ಸಿಗೋದು ಕಷ್ಟ. ಹೊಸಬ್ರನ್ನ ಸೇರಿಸ್ಕೊಳ್ಳೋವಾಗ ಅಡ್ಮಿನ್ ಒಪ್ಪಿಗೆ ಬೇಕು ಅನ್ನೋ ಸೆಟ್ಟಿಂಗ್ ಹಾಕಿಟ್ಕೊಳ್ಳಿ, ಯಾರ ಮನೆ ಯಾವ ಕ್ರಾಸು ಅಂತ ಕೇಳಿ ಸೇರಿಸಿ.

ನನ್ನ ಥರ ಮಾರೋರಿಗೆ ಒಂದೇ ಮಾತು, ಬೇರೆಯೋರ ಗ್ರೂಪಲ್ಲಿ ವಾರಕ್ಕೆ ಒಂದಕ್ಕಿಂತ ಜಾಸ್ತಿ ಹಾಕ್ಬೇಡಿ, ರೇಟು ಪರ್ಸನಲ್ ಆಗಿ ಹೇಳ್ತೀನಿ ಅನ್ನಬೇಡಿ, ಅಲ್ಲೇ ಬರೀರಿ. ರೇಟ್ ಕೇಳೋಕೆ ಸಂಕೋಚ ಪಡೋರು ಆ ಸುಮ್ನಿರೋ 270 ಜನದಲ್ಲೇ ಇರೋದು.

ಇನ್ನೊಂದು, ಒಬ್ರನ್ನ ಒಂದು ಥರ ಅಂತ ನೋಟ್‌ಬುಕ್ಕಲ್ಲಿ ಬರೆದಿಟ್ಟು ಅದೇ ಖಾಯಂ ಅಂದ್ಕೊಬೇಡಿ. ಗ್ರೂಪಲ್ಲಿ ಬಾಯಿ ಬಿಡದ ಆ ಸೊಸೆ ಇನ್‌ಸ್ಟಾಗ್ರಾಮಲ್ಲಿ ಬೇರೆ ಹೆಸರಲ್ಲಿ ರಂಗೋಲಿ ಹಾಕ್ತಾಳೆ, ಸಾವಿರಾರು ಜನ ನೋಡ್ತಾರೆ. ನೀರು ಬಂದಿಲ್ಲ ಅಂತ ನನ್ನ ಮೇಲೆ ರೇಗಾಡೋ ಅಣ್ಣ ಇನ್ನೊಂದು ಗ್ರೂಪಲ್ಲಿ ರಕ್ತ ಬೇಕಾದೋರಿಗೆ ರಾತ್ರಿ ಎರಡು ಗಂಟೇಲೂ ಉತ್ತರ ಕೊಡ್ತಾರೆ. ಆರು ತಿಂಗಳಿಗೊಂದ್ಸಲ ಆ ವಾರದ ಲೆಕ್ಕ ಮತ್ತೆ ಬರೀರಿ.

ಯಾರಾದ್ರೂ ಗ್ರೂಪ್ ಬಿಟ್ರೆ ಈಗ ಎಲ್ರಿಗೂ ಕಾಣೋ ಹಂಗೆ ಬರಲ್ಲ, 2022ರಿಂದ ಅಡ್ಮಿನ್‌ಗಳಿಗೆ ಮಾತ್ರ ಆ ಸೂಚನೆ ಬರೋದು. ಅಂದ್ರೆ ನೋಡೋ ಜವಾಬ್ದಾರಿ ಪೂರ್ತಿ ನಮ್ದೇ. ನಾನು ಈಗ ಅವತ್ತೇ ಸಂಜೆ ಫೋನ್ ಮಾಡ್ತೀನಿ, ವಾಪಸ್ ಬನ್ನಿ ಅಂತ ಕೇಳಲ್ಲ. ನೀರು ಬಿಡೋ ದಿನ ನಿಮಗೆ ಹೆಂಗೆ ಹೇಳ್ಲಿ, ಫೋನಾ ಮೆಸೇಜಾ, ಅಷ್ಟೇ ಕೇಳ್ತೀನಿ.